ನಿನ್ನ ಹೆಸರಿನ ವರದಿ

ಕಾಡುಗೋಡಿ
14 ಜೂನ್ 2025

ಪ್ರೀತಿಯ ಗೆಳೆಯ ರೇವಣಸಿದ್ದ,

ನೀನೂ ಹೊಳೆವ್ವನೂ ಕೂಸೂ ಚೆನ್ನಾಗಿದ್ದೀರೆಂದುಕೊಂಡಿದ್ದೇನೆ. ಜಿಗಣಿಗೆ ಮತ್ತೆ ಬರುತ್ತೇನೆಂದು ಹೇಳಿ ಬರಲಿಲ್ಲ, ಬೈದುಕೋ. ಫೋನು ಮಾಡಿದರೆ ನಿನಗೆ ಕೇಳಿಸುವುದಿಲ್ಲ. ಹೊಳೆವ್ವನ ಬಾಯಿಂದ ಹೇಳಿಸುವ ಮಾತೂ ಇದಲ್ಲ. ಅದಕ್ಕೇ ಈ ಕಾಗದ. ಶಾಲೆ ಬಿಟ್ಟ ಮೇಲೆ ಕೈಯಲ್ಲಿ ಇಷ್ಟುದ್ದ ಬರೆದವನಲ್ಲ, ಅಕ್ಷರ ನೋಡಿ ನಗಬೇಡ.

ಹೋದ ತಿಂಗಳು ನಿಮ್ಮ ಬಸ್ ಸ್ಟಾಪಿನಲ್ಲಿ ಹಿಂದಿನಿಂದ ಎಷ್ಟು ಕೂಗಿದರೂ ನೀನು ತಿರುಗಲಿಲ್ಲ. ನನ್ನ ಮೇಲೆ ಸಿಟ್ಟು ಎಂದುಕೊಂಡೆ. ಅಂದು ಮನೆಯಲ್ಲಿ ಹೊಳೆವ್ವ, "ಕೂಸು ಅತ್ರೂ ಇವ್ರಿಗೆ ಕೇಳಂಗಿಲ್ರೀ ಅಣ್ಣಾರ. ಪ್ರೆಸ್ ಮಷೀನ್ ಬಿಡ್ಸಿ ಪ್ಯಾಕಿಂಗಿಗೆ ಹಾಕ್ರಿ ಅಂದ್ರ, ಫ್ಯಾಕ್ಟ್ರ್ಯಾಗ ನಾಟಕ ಅಂತಾರ" ಎಂದಳು. ನಾನು ದೊಡ್ಡ ಮನುಷ್ಯನ ಹಾಗೆ, "ಕಿವಿ ರಿಪೋರ್ಟ್ ಸರಿ ಐತಲ್ಲವಾ" ಎಂದುಬಿಟ್ಟೆ. ನನ್ನ ಬಾಯಿಗೆ ಮಣ್ಣು ಬೀಳಲಿ.

ನಿಮ್ಮ ಕಾರ್ಖಾನೆಯ ಕಿವಿ ಪರೀಕ್ಷೆಯ ತಂತ್ರಾಂಶ ಬರೆದವನು ನಾನೇ ಎಂದು ನಿನಗೆ ಗೊತ್ತು. ಮೊನ್ನೆ ಜೊತೆಗೆ ಕೆಲಸ ಮಾಡುವ ದಾನೇಶ್ವರಿ, "ಇಬ್ರ ರಿಪೋರ್ಟಲ್ಲೂ ಒಂದೇ ನಂಬರ್ ಬರ್ತಿದೆಯಲ್ಲ" ಎಂದು ತೋರಿಸಿದಳು. ನಾನು ಬರೆದದ್ದನ್ನು ಸಾಲು ಸಾಲಾಗಿ ತೆಗೆದು ನೋಡಿದೆ.

ಪರೀಕ್ಷೆಗೆ ಬಂದ ಒಬ್ಬೊಬ್ಬರಿಗೂ ಪರದೆಯ ಮೇಲೆ ಒಂದೊಂದು ವಿಂಡೋ ತೆರೆಯುತ್ತದೆ. ಹೆಸರು ಅವರವರದು, ಕಿವಿಯ ಅಳತೆಯೂ ಅವರವರದೇ ಆಗಿರಬೇಕು. ತಂತ್ರಾಂಶ ಬರೆಯುವಾಗ ಆ ಅಳತೆಯನ್ನು ಬೇರೊಂದು ಸಾಲಿನಿಂದ ಕರೆದರೆ, ತಪ್ಪಿದೆ ಎಂದು ಕೆಂಪು ಗೆರೆ ಬಂದಿತ್ತು. ನಾನು ಅದರ ಮುಂದೆ 'ಸ್ಟ್ಯಾಟಿಕ್' ಎಂದು ಸೇರಿಸಿದೆ, ಗೆರೆ ಹೋಯಿತು, ಊಟಕ್ಕೆ ಎದ್ದೆ. ಹಾಗೆ ಬರೆದರೆ ಅದು ಯಾರೊಬ್ಬರದೂ ಅಲ್ಲ, ಎಲ್ಲರಿಗೂ ಸೇರಿ ಒಂದೇ. ನಿಮ್ಮ ವಠಾರದಲ್ಲಿ ಕೊಡ ಅವರವರದು, ತೊಟ್ಟಿ ಒಂದೇ ಅಲ್ಲವೇ? ಕೊಡದಲ್ಲಿ ಇಡಬೇಕಾದದ್ದನ್ನು ನಾನು ತೊಟ್ಟಿಗೆ ಸುರಿದೆ. ಎಲ್ಲರಿಗಿಂತ ಕೊನೆಯಲ್ಲಿ ಪರೀಕ್ಷೆಗೆ ಕೂತವನ ಅಳತೆಯೇ ತೆರೆದಿದ್ದ ವಿಂಡೋಗಳಿಗೆಲ್ಲ ಬಂತು. ನಿನ್ನದಕ್ಕೂ.

ನಮ್ಮ ಮ್ಯಾನೇಜರ್ ದೇವರಾಜ್‌ಗೆ ಹೇಳಿದೆ. "ಹೊಸ ವರ್ಷನ್ ಹಾಕ್ಬಿಡು ಮಗಾ, ಹಳೇದನ್ನ ಯಾಕೆ ಕೆದಕ್ತೀಯ" ಎಂದರು. ನಾನು ತಲೆಯಾಡಿಸಿ ಬಂದೆ. ನಿನ್ನ ಮುಖ ನೆನೆದು ಅನ್ನ ಸೇರಲಿಲ್ಲ. ಕಿವಿಯ ಡಾಕ್ಟರೊಬ್ಬರನ್ನು ಕೇಳಿದರೆ, "ಹೋದದ್ದು ವಾಪಸ್ ಬರಲ್ಲ, ಉಳಿದಿರೋದನ್ನ ಕಾಪಾಡ್ಕೋಬಹುದು" ಎಂದರು. ಇವತ್ತು ಬೆಳಿಗ್ಗೆ ನಿಮ್ಮ ಕಾರ್ಖಾನೆಯ ಡಾಕ್ಟರಿಗೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ, ಎಲ್ಲರಿಗೂ ಮತ್ತೆ ಪರೀಕ್ಷೆ ಮಾಡಿ ಎಂದು. ಕೆಲಸ ಹೋದರೆ ಹೋಗಲಿ.

ಕಾಗದ ಸಿಕ್ಕ ದಿನದಿಂದ ಆ ಪ್ರೆಸ್ ಮಷೀನಿನ ಸದ್ದಿನ ಹತ್ತಿರ ಹೋಗಬೇಡ. ಮುಂದಿನ ಭಾನುವಾರ ಬರುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಹೊರಗೇ ಕೂತಿರುತ್ತೇನೆ.

ಕೂಸಿಗೆ ನನ್ನ ಮುತ್ತು. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ
ಪರಮಾನಂದ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ತಂತ್ರಾಂಶ ಹಾಕಿಕೊಡಲು ನಾನು ನಿಮ್ಮ ಕಾರ್ಖಾನೆಗೆ ಬಂದಿದ್ದ ದಿನ, ನಿನ್ನ ಪರೀಕ್ಷೆ ಮುಗಿದ ಮೇಲೆ ನೀನೇ ನಗುತ್ತಾ, "ನಿಂದೂ ನೋಡೂಣು ಬಾರಲೇ ಪರಮ್ಯಾ" ಎಂದು ಹೆಡ್‌ಫೋನ್ ತೆಗೆದು ನನ್ನ ತಲೆಗೆ ಹಾಕಿದೆ. ನಿನ್ನ ವಿಂಡೋ ಇನ್ನೂ ತೆರೆದೇ ಇತ್ತು, ನಾನು ಕೂತೆ. ನಿನ್ನ ವರದಿ ಮುದ್ರಿಸಿದ್ದು ಅದಾದ ಮೇಲೆ. ಅದರಲ್ಲಿರುವುದು ನನ್ನ ಕಿವಿ.