ಕೊನೆಯ ಹೆಸರಿನ ಕಾಲಂ

ಹಿದಾರ್ 5, ಬುಧವಾರ

ಇವತ್ತೂ ಲೈಬ್ರರಿಯ ನೆಲಮಾಳಿಗೆ. ಧೂಳಿಗೆ ಸೀನಿ ಸೀನಿ ಮೂಗು ಕೆಂಪು. ಅಡಿಸ್‌ನ ನಮ್ಮ ಯೂನಿವರ್ಸಿಟಿಯ ಹಳೆಯ ಸಂಶೋಧನಾ ಪತ್ರಿಕೆಯನ್ನೆಲ್ಲ ಆನ್‌ಲೈನ್‌ಗೆ ಹಾಕುವುದು. ಸ್ಕ್ಯಾನ್ ಮಾಡಿದ ಲೇಖನ ತೆರೆ, ಶೀರ್ಷಿಕೆ ಟೈಪ್ ಮಾಡು, ಬರೆದವರ ಹೆಸರು ಹಾಕು, ಸೇವ್. ಮತ್ತೆ ಮುಂದಿನದು.

ಹೆಸರಿನ ಫಾರಂ ಹೊರದೇಶದ್ದು. ಎರಡು ಕಾಲಂ — ಮೊದಲ ಹೆಸರು, ಕೊನೆಯ ಹೆಸರು. ಎರಡನೆಯದು ಖಾಲಿ ಬಿಟ್ಟರೆ ಮುಂದಕ್ಕೇ ಹೋಗುವುದಿಲ್ಲ. ಲೈಬ್ರರಿ ಮುಖ್ಯಸ್ಥರಾದ ಲುಲ್‌ಸೆಗೆದ್ ಸಾರ್ ಮೊದಲ ದಿನವೇ ಹೇಳಿದ್ದರು:

"ನಮ್ಮೋರಿಗೆ ಮನೆತನದ ಹೆಸರು ಎಲ್ಲಿದೆ? ಅವರ ಹೆಸರು, ಹಿಂದೆ ಅಪ್ಪನ ಹೆಸರು, ಎರಡೂ ಮೊದಲನೇ ಕಾಲಂನಲ್ಲೇ ಹಾಕ್ರಮ್ಮ. ಎರಡನೇದಕ್ಕೆ ಒಂದು ಡ್ಯಾಶ್ ಹೊಡೀರಿ, ಸಾಕು."

ಡ್ಯಾಶ್! ನೋಡಲಿಕ್ಕೇ ಅಸಹ್ಯ. ಬೋರ್ಡಿಂಗ್ ಸ್ಕೂಲಿನಲ್ಲಿ ಮಿಸ್‌ಗಳು ನನ್ನನ್ನು ಕರೆಯುತ್ತಿದ್ದದ್ದೇ "ಝೆರ್ಗಾವ್" ಎಂದು. ಅಪ್ಪನ ಹೆಸರಿಗೆ ಓಗೊಟ್ಟೇ ಬೆಳೆದವಳು ನಾನು. ಅದಕ್ಕೇ ಎಲ್ಲರ ಅಪ್ಪನ ಹೆಸರನ್ನೂ ಎರಡನೇ ಕಾಲಂಗೆ ಹಾಕಿದೆ. ಈಗ ಪಟ್ಟಿಯಲ್ಲಿ ಅಪ್ಪ ಮುಂದೆ, ಒಂದು ಕಾಮಾ, ಹಿಂದೆ ಬರೆದವರ ಒಂದೇ ಅಕ್ಷರ. "ದೆಮ್ಸೆ, ಅ." ಥೇಟ್ ಲಂಡನ್ನಿನ ಜರ್ನಲ್ ಹಾಗೆ.

ಪಕ್ಕದಲ್ಲಿ ಕೂರುವ ಮುಲು ಹೊಡೆದಿದ್ದ ಡ್ಯಾಶ್‌ಗಳನ್ನೂ ನಾನೇ ತಿದ್ದಿದೆ.

"ಮಾಡ್ಕೋ ಹೋಗೇ, ಇಂಗ್ಲಿಷ್ ರಾಣಿ," ಅಂದಳು. "ನನ್ನ ಬೆರಳಾದ್ರೂ ಉಳೀತು."

ಹಿದಾರ್ 13, ಗುರುವಾರ

ಸೈಟ್ ಶುರುವಾಯಿತು. ಲುಲ್‌ಸೆಗೆದ್ ಸಾರ್ ಎಲ್ಲರಿಗೂ ಕಾಫಿ ಕೊಡಿಸಿದರು. ಕಾಗದದ ಸಂಚಿಕೆ ಇನ್ನು ಮೇಲೆ ಇಲ್ಲವಂತೆ. ಹಳೆಯವನ್ನು ಗೋಡೌನಿಗೆ ಸಾಗಿಸಿದರು.

ಮಧ್ಯಾಹ್ನ ಡಾಕ್ಟರ್ ಅಸ್ಕಲೆಯವರ ಕ್ಲಾಸ್. ಚರಿತ್ರೆಯ ಪಾಠ ಅರ್ಧಕ್ಕೆ ಬಿಟ್ಟು ತಮ್ಮ ಕಥೆ ಹೇಳಿದರು.

"ನಮ್ಮಪ್ಪ ದೆಮ್ಸೆ ಇದ್ದನಲ್ಲ, ನನ್ನ ಸ್ಕೂಲ್ ಪುಸ್ತಕಾನೆಲ್ಲ ಒಲೆಗೆ ಹಾಕ್ದ. ಅದೇ ಉರೀಲಿ ಅಮ್ಮ ಕಡ್ಲೆಹಿಟ್ಟಿನ ಶಿರೊ ಬೇಯಿಸಿದ್ಲು. ಸುಳ್ಳ್ಯಾಕೆ ಹೇಳ್ಲಿ, ರುಚಿಯಾಗೇ ಇತ್ತು."

ಕ್ಲಾಸೆಲ್ಲ ನಗು. ಮದುವೆಯ ಹಿಂದಿನ ದಿನ ಧಾನ್ಯದ ಲಾರಿ ಹತ್ತಿ ಅಡಿಸ್‌ಗೆ ಓಡಿ ಬಂದರಂತೆ. ನೂಲು ತೆಗೆಯುವ ಹೆಂಗಸರ ಹಾಡುಗಳ ಮೇಲೆ ಇಡೀ ಬದುಕು ಬರೆದದ್ದು. ಈ ವರ್ಷ ನಿವೃತ್ತಿ. ಅದಕ್ಕೆ ಮೊದಲು ಪೂರ್ಣ ಪ್ರೊಫೆಸರ್ ಆಗಬೇಕು. ಬಡ್ತಿಯ ಫೈಲು ಸಮಿತಿಗೆ ಹೋಗಿದೆ.

ದೆಮ್ಸೆ... ಎಲ್ಲೋ ಟೈಪ್ ಮಾಡಿದ ನೆನಪು. ತಲೆಗೆ ಹಚ್ಚಿಕೊಳ್ಳಲಿಲ್ಲ.

ಹಿದಾರ್ 26, ಬುಧವಾರ

 

ಡಾಕ್ಟರ್ ಅಸ್ಕಲೆ ಲೈಬ್ರರಿಗೆ ಬಂದರು. ಅವರ ಫೈಲು ವಾಪಸ್. ಹೊರಗಿನ ಪರೀಕ್ಷಕರು ಈಗ ಕಂಪ್ಯೂಟರ್‌ನಲ್ಲೇ ಹುಡುಕುವುದು. "ಅಸ್ಕಲೆ ಎಂಬ ಹೆಸರಿನಲ್ಲಿ ಯಾವ ಪ್ರಕಟಣೆಯೂ ಕಂಡುಬಂದಿಲ್ಲ" ಎಂದು ಬರೆದಿದ್ದಾರೆ. ಅವರೇ ಕೂತು ಟೈಪ್ ಮಾಡಿದರು. ಅಸ್ಕಲೆ — ಏನೂ ಇಲ್ಲ. ದೆಮ್ಸೆ — ಸಾಲು ಸಾಲು ಲೇಖನ. ಅವರು ಬರೆದ ಒಂದೊಂದೂ.

ಮೊದಲು ನಕ್ಕರು. "ನೋಡ್ರಪ್ಪಾ, ನಮ್ಮಪ್ಪ ಸತ್ತ ಮೇಲೆ ವಿದ್ವಾಂಸ ಆಗ್ಬಿಟ್ಟ!"

ಆಮೇಲೆ ನಗು ನಿಂತಿತು. ಹೊದ್ದಿದ್ದ ನೆತಲಾದ ಅಂಚಿನಿಂದ ಕನ್ನಡಕ ಒರೆಸಿದರು, ಒರೆಸುತ್ತಲೇ ಇದ್ದರು. "ಅಕ್ಷರ ಬರ್ತಿರ್ಲಿಲ್ಲ ಆ ಮನುಷ್ಯನಿಗೆ," ಅಂದರು, ತಮಗೆ ತಾವೇ.

ನಾನು ಎರಡು ಕುರ್ಚಿ ಆಚೆ. ಸ್ಕ್ರೀನ್ ನೋಡುತ್ತಾ ಕೆಲಸ ಮಾಡುವವಳ ಹಾಗೆ ಕೂತಿದ್ದೆ. ಟೈಪ್ ಕೂಡ ಮಾಡಿದೆ. ಏನೆಂದು ಗೊತ್ತಿಲ್ಲ.

ಹಿದಾರ್ 28, ಶುಕ್ರವಾರ

ಕದ್ದು ತಿದ್ದಲು ನೋಡಿದೆ. ಆಗುವುದಿಲ್ಲ. ಪ್ರಕಟವಾದ ಮೇಲೆ ಬೀಗ. ತಿದ್ದಿದರೂ ನಮ್ಮ ಸೈಟಿನಲ್ಲಿ ಮಾತ್ರ — ಹೊರದೇಶದ ಲೇಖನ-ಸೂಚಿ ಸೈಟುಗಳು ಆಗಲೇ ನಕಲು ಮಾಡಿಕೊಂಡಿವೆ. ಒಂದೊಂದಕ್ಕೂ ಪತ್ರ ಬರೆಯಬೇಕು.

ನನ್ನ ಸ್ಕಾಲರ್‌ಶಿಪ್ ಹೋದರೆ? ಹಾಸ್ಟೆಲ್‌ನಿಂದ ಕಳಿಸಿದರೆ? ಹೀಗೆ ಯೋಚಿಸುತ್ತೇನಲ್ಲ ನಾನು, ಥೂ.

ತಾಹ್ಸಾಸ್ 2, ಮಂಗಳವಾರ

ಸಿಕ್ಕಿಬಿದ್ದೆ ಅಂದುಕೊಂಡೆ. ಅದಕ್ಕಿಂತ ಹೀನಾಯ ಆಯಿತು.

ಪ್ರತಿ ಲೇಖನದ ಅಡಿಯಲ್ಲಿ ಸೇರಿಸಿದವರ ಹೆಸರು ಬರುತ್ತದೆ. ನನ್ನ ಅಕೌಂಟನ್ನೂ ಅದೇ ಠೀವಿಯಲ್ಲಿ ಮಾಡಿದ್ದೆನಲ್ಲ... ಬರುವುದು ಬರೀ ಕೊನೆಯ ಹೆಸರು. ಲುಲ್‌ಸೆಗೆದ್ ಸಾರ್ ಎಲ್ಲರನ್ನೂ ಕರೆದರು.

"ಯಾರ್ರೀ ಇವ್ನು ಝೆರ್ಗಾವ್? ಕಂಟ್ರ್ಯಾಕ್ಟ್‌ನವನಾ? ನಮ್ಮ ದೇಶದಲ್ಲಿ ಹುಟ್ಟಿ ಯಾವುದು ಮಗಳ ಹೆಸರು, ಯಾವುದು ಅಪ್ಪಂದು ಅಂತ ಗೊತ್ತಿಲ್ವಾ? ಕತ್ತೆ! ಕತ್ತೆಗೆ ಕಂಪ್ಯೂಟರ್ ಕೊಟ್ಟೋರು ಯಾರು?"

ಎಲ್ಲರೂ ನಕ್ಕರು. ಇಲ್ಲಿ ನಾನು ಬರೀ ಹಮೆಲ್ಮಲ್. ಅಪ್ಪನ ಹೆಸರು ಯಾರಿಗೆ ಬೇಕು? ನಾನೂ ನಕ್ಕೆ. ನಕ್ಕೆ!! ಕಾಫಿ ಬಂತು, ಕುಡಿದೆ.

ಮೆಟ್ಟಿಲಲ್ಲಿ ಮುಲು ತಡೆದಳು. ಹಾಸ್ಟೆಲ್ ಬಾಗಿಲ ಮೇಲೆ ನನ್ನ ಪೂರ್ತಿ ಹೆಸರು ಇದೆ, ಅವಳು ಓದಿದ್ದಾಳೆ.

"ಅಪ್ಪನ್ನ ಬೈಸ್ಕೊಂಡು ಆ ಕಾಫಿ ಹೆಂಗೇ ಇಳೀತು ಗಂಟಲಲ್ಲಿ?"

"ಮುಲು, ಪ್ಲೀಸ್ ಕಣೇ..."

"ನಾನು ಹೇಳಲ್ಲ. ಅದು ನೀನೇ ಹೇಳ್ಬೇಕಾದ್ದು."

ತಾಹ್ಸಾಸ್ 3, ಬುಧವಾರ

ಅಪ್ಪನ ಫೋನ್. ದೆಸ್ಸೆಯಿಂದ, ಬಸ್ ನಿಲ್ಲಿಸಿಕೊಂಡು.

"ಉಂಡ್ಯೇನವ್ವಾ? ಇವತ್ತು ಉಪಾಸ ಅಂತ ಏನೂ ತಿನ್ದೇ ಕುಂತಿದ್ದೀಯಾ ಹೆಂಗೆ?"

"ತಿಂದೆ ಅಪ್ಪ."

"ಡಿಪೋದಾಗೆ ಎಲ್ಲರ್ಗೂ ಹೇಳಿವ್ನಿ. ನಮ್ಮ ಹುಡ್ಗಿ ಯೂನಿವರ್ಸಿಟಿ ಪುಸ್ತಕಾನೆಲ್ಲ ಕಂಪ್ಯೂಟರ್‌ಗೆ ಹಾಕ್ತಾವ್ಳೆ ಅಂತ. ಅದ್ರಾಗೆ ನಮ್ಮ ಹೆಸರೂ ಬತ್ತದಾ?"

"ಬರುತ್ತೆ," ಅಂದೆ. "ಪ್ರತಿ ಪುಟದ ಕೆಳಗೂ."

ತುಂಬ ಹೊತ್ತು ನಕ್ಕ. ಪಕ್ಕದವರಿಗೆ ಕೂಗಿ ಹೇಳುವುದು ಕೇಳಿಸಿತು. ಫೋನ್ ಇಟ್ಟು ಬಚ್ಚಲಿಗೆ ಹೋದೆ. ನಲ್ಲಿ ತಿರುಗಿಸಿ ಬಿಟ್ಟು ಅತ್ತೆ.

ತಾಹ್ಸಾಸ್ 6, ಶನಿವಾರ

ಹೆಸರು ತಿದ್ದುವ ಕೆಲಸಕ್ಕೆ ಯಾರು ಬರುತ್ತೀರಿ ಎಂದು ಲುಲ್‌ಸೆಗೆದ್ ಸಾರ್ ಕೇಳಿದಾಗ ನಾನೇ ಮೊದಲು ಕೈ ಎತ್ತಿದ್ದೆ. ಧೈರ್ಯವಲ್ಲ, ಹೇಡಿತನವೇ. ಅಷ್ಟರಲ್ಲೇ ತೀರಿಹೋಗಲಿ ಎಂದು. ಮೂರು ದಿನದಿಂದ ಡಾಕ್ಟರ್ ಅಸ್ಕಲೆಯವರ ರೂಮಿನಲ್ಲೇ. ಒಂದೊಂದು ಸೂಚಿಗೂ ಪತ್ರ, ಒಂದೊಂದಕ್ಕೂ ಪುರಾವೆ. ತಮ್ಮ ಡಬ್ಬಿಯ ಇಂಜೆರಾ ರೊಟ್ಟಿ ನನಗೂ ಮುರಿದುಕೊಟ್ಟರು. ಒಂದು ತುತ್ತು ತಾವೇ ನನ್ನ ಬಾಯಿಗೆ ಇಟ್ಟರು. ಅಗಿಯುತ್ತಾ ಮುಂದಿನ ಪತ್ರಕ್ಕೆ ಕೈ ಹಾಕಿದೆ.

ಮಧ್ಯಾಹ್ನ ಸಮಿತಿಗೆ ಕಳಿಸುವ ಪತ್ರ ಬರೆಯಲು ಕೂತರು. ಕೈಯಿಂದಲೇ. ಯಾರೋ ಝೆರ್ಗಾವ್ ಎಂಬಾತನ ತಪ್ಪು, ಆತನ ಮೇಲೆ ಕ್ರಮ ಆಗಲಿ ಎಂದು ಒಂದು ಸಾಲು ಆಗಲೇ ಇತ್ತು. ಕೆಳಗೆ ಜಾಗ ಬಿಟ್ಟಿದ್ದರು.

"ಇಲ್ಲಿ ನಿನ್ನ ಹೆಸರು ಹಾಕ್ತೀನಿ ಮಗಳೇ. ಈ ಹುಡುಗಿ ಇಲ್ದಿದ್ರೆ ಆಗ್ತಿರ್ಲಿಲ್ಲ ಅಂತ. ಸಮಿತಿಯವರೂ ಓದ್ಲಿ."

"ಬೇಡ ಮೇಡಂ."

"ಸುಮ್ನಿರು. ಹಮೆಲ್ಮಲ್..." ಬರೆದರು. ತಲೆ ಎತ್ತಿ ನಕ್ಕರು. "ಯಾರ ಮಗಳೇ ನೀನು? ಇಷ್ಟು ದಿನ ಕೇಳ್ಲೇ ಇಲ್ಲ ನೋಡು."

ಯಾವ ಹೆಸರಾದರೂ ಹೇಳಬಹುದಿತ್ತು. ಒಂದು ಕ್ಷಣ ನಾಲಿಗೆಯ ಮೇಲೆ ಬೇರೆ ಹೆಸರೇ ಬಂದಿತ್ತು ಕೂಡ — ಅದನ್ನೂ ಬರೆದಿಡುತ್ತೇನೆ, ಮರೆಯಬಾರದು.

"ಝೆರ್ಗಾವ್," ಅಂದೆ. "ಝೆರ್ಗಾವ್ ಮಗಳು."

ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತು. ನಾನು ಅವರ ಮುಖ ನೋಡಲಿಲ್ಲ. ಆಮೇಲೆ ಅವರು ಹಮೆಲ್ಮಲ್ ಪಕ್ಕದಲ್ಲಿ ಝೆರ್ಗಾವ್ ಎಂದು ಬರೆದರು, ಮೇಲಿನ ಸಾಲಿನ ಝೆರ್ಗಾವ್‌ನನ್ನು ಹೊಡೆದುಹಾಕದೆ ಪತ್ರವನ್ನೂ ಪೆನ್ನನ್ನೂ ನನ್ನ ಕಡೆ ತಳ್ಳಿದರು.