ಮುದ್ರೆ ಒಡೆದ ಬಾಗಿಲಿಗೆ ಕಟ್ಟಿದ ಕರಿ ಎಳೆ

ಎರಡು ಸಾವಿರದ ನೂರ ತೊಂಬತ್ತೊಂದನೇ ಇಸವಿ, ನಡುಬೇಸಿಗೆ ತಿಂಗಳ ನಲವತ್ತೆರಡನೇ ದಿನ, ಏರಿನಹಟ್ಟಿಯಿಂದ.

ಹಿಂದಿನ ಕಾಲದ ಅಣ್ಣಂದಿರಿಗೂ ಅಕ್ಕಂದಿರಿಗೂ ಈರಬಡಕ್ಕ ಬರೆಯುವುದು.

ತಿಂಗಳಿಗೆ ನಲವತ್ತೆರಡು ದಿನವೇ ಎಂದು ನಗಬೇಡಿ. ಬೇಸಿಗೆ ಉದ್ದವಾಯಿತೆಂದು ಪಂಚಾಂಗದವರು ತಿಂಗಳನ್ನೂ ಉದ್ದ ಮಾಡಿದರು. ನೆರಳನ್ನು ಮಾತ್ರ ಯಾರೂ ಉದ್ದ ಮಾಡಲಿಲ್ಲ. ನನ್ನ ಮಾತು ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಓದಿದ್ದು ನಾಲ್ಕನೇ ತರಗತಿ. ಕಾಗುಣಿತ ತಪ್ಪಿದ ಕಡೆ ನೀವೇ ತಿದ್ದಿಕೊಳ್ಳಿ, ನಿಮಗೂ ಏನಾದರೂ ಕೆಲಸ ಬೇಡವೇ. ಇದನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಅದರಲ್ಲಿ ಉತ್ತರ ಬಂದದ್ದನ್ನು ಯಾರೂ ಕಂಡಿಲ್ಲ. ನನಗೆ ಉತ್ತರ ಬೇಕಾಗಿಯೂ ಇಲ್ಲ.

ನನ್ನ ಮೊಮ್ಮಗಳು ಮಾಳಮ್ಮ ನಿನ್ನೆ ಮನೆಗೆ ಬಂದಳು. ಏಳು ವರ್ಷ ಜೈಲಿನಲ್ಲಿರಬೇಕಾಗಿದ್ದವಳು ಎಪ್ಪತ್ತು ದಿನಕ್ಕೆ ಬಂದಳು. ಎದೆಯ ಮೇಲಿನ ಬೀಸುಕಲ್ಲು ಇಳಿಯಿತು. ಇಳಿಸಿದ್ದು ನಿಮ್ಮ ಕಾಲದ ಒಂದು ಮಾತು, ಅದಕ್ಕೇ ಈ ಕಾಗದ.

ನಮ್ಮ ಹಟ್ಟಿಯ ಪಕ್ಕದಲ್ಲಿ ನಿಮ್ಮ ಹೆದ್ದಾರಿ ಇನ್ನೂ ಇದೆ. ಅದರ ಮೇಲೆ ಲಾರಿಗಳಿಲ್ಲ, ಒಂಟಿಬಂಡಿಗಳಿವೆ. ಒಂಟಿಬಂಡಿ ಎಂದರೆ ಡ್ರೈವರೂ ಇಲ್ಲದ, ಕ್ಲೀನರೂ ಇಲ್ಲದ ಸರಕಿನ ವಾಹನ. ಟೀ ಕುಡಿಯಲು ನಿಲ್ಲುವುದಿಲ್ಲ, ಹಾರ್ನ್ ಹೊಡೆಯುವುದಿಲ್ಲ, ಬೈದರೆ ಕೇಳಿಸಿಕೊಳ್ಳುವುದೂ ಇಲ್ಲ. ಕಾಯುವ ಆಳಿಲ್ಲವೆಂದು ಗೊತ್ತಾದ ಮೇಲೆ ಕಳ್ಳರಿಗೆ ಹಬ್ಬವಾಯಿತು. ಬಂಡಿ ಏರಿನಲ್ಲಿ ನಿಧಾನವಾದಾಗ ಬಾಗಿಲು ಮುರಿದು ಅಕ್ಕಿ, ಬಟ್ಟೆ, ಔಷಧಿ ಇಳಿಸಿಕೊಂಡರು. ಆಗ ಸರ್ಕಾರ ಹಿಂಬಾಗಿಲಿಗೆ ನೀಲಿ ಮುದ್ರೆ ಹಾಕಿಸಿ, ಮುದ್ರೆ ಕಾಯ್ದೆ ತಂದಿತು. ಮುದ್ರೆ ಒಡೆದವರಿಗೆ ಏಳು ವರ್ಷ ಸಜೆ. ಯಾಕೆ ಒಡೆದೆ ಎಂದು ಕೇಳುವಂತಿಲ್ಲ. ಕಳ್ಳರನ್ನು ಬಿಟ್ಟುಬಿಡಿ ಎಂದು ನಾನು ಹೇಳುವವಳಲ್ಲ. ನಮ್ಮ ಹಟ್ಟಿಯ ಮಕ್ಕಳಿಗೆ ಬರಬೇಕಿದ್ದ ಔಷಧಿಯೂ ಒಮ್ಮೆ ಹಾಗೆಯೇ ಹೋಯಿತು. ಆದರೆ ಎಲ್ಲ ಕೈಯೂ ಕಳ್ಳಕೈಯಲ್ಲ.

ಬೇಸಿಗೆ ಹುಟ್ಟಿದಾಗ ಒಂದು ಬಂಡಿ ನಮ್ಮ ಏರಿನಲ್ಲಿ ಕೆಟ್ಟು ನಿಂತಿತು. ಎರಡು ದಿನ ನಿಂತಿತು. ಒಳಗಿನಿಂದ ಕುರಿಗಳ ಕೂಗು. ನಾವು ಕುರಿ ಸಾಕಿ ಕಂಬಳಿ ನೇಯುವ ಜನ. ಹಸಿದ ಕುರಿಯ ಕೂಗು ಬೇರೆ, ಬಾಯಾರಿದ್ದರ ಕೂಗು ಬೇರೆ ಎಂದು ಬಲ್ಲೆವು. ಬಂಡಿಯ ಮೇಲಿದ್ದ ನಂಬರಿಗೆ ಫೋನು ಮಾಡಿದರೆ ಯಂತ್ರದ ಹೆಂಗಸೊಬ್ಬಳು, “ನಿಮ್ಮ ಸರಕು ಸುರಕ್ಷಿತವಾಗಿದೆ” ಎಂದಳು.

“ಅಜ್ಜಿ, ಮುದ್ರೆ ಒಡೀತೀನಿ” ಎಂದಳು ಮಾಳಮ್ಮ.

“ಒಡೆದ್ರೆ ಏಳು ವರ್ಷ ಕಣಮ್ಮಿ.”

“ಒಡೀದಿದ್ರೆ ಅವಕ್ಕೆ ಏಳು ಗಳಿಗೇನೂ ಇಲ್ಲ.”

ನನ್ನ ನಾಲಿಗೆಯೇ ಅವಳಿಗೂ ಬಂದಿದೆ, ಏನು ಮಾಡಲಿ.

ಹಾರೆಯಿಂದ ಮುದ್ರೆ ಒಡೆದಳು, ನೀರು ಕುಡಿಸಿದಳು, ಬಾಗಿಲು ಮುಚ್ಚಿದಳು. ಆಮೇಲೆ ನಮ್ಮವರು ಮಾತ್ರ ಮಾಡುವಂಥ ತಪ್ಪು ಮಾಡಿದಳು. ಯಜಮಾನನಿಲ್ಲದಾಗ ಅವನ ಕುರಿದೊಡ್ಡಿ ತೆಗೆದವರು ತಮ್ಮ ಕಂಬಳಿಯ ಒಂದು ಕರಿ ಎಳೆ ಕಿತ್ತು ಬಾಗಿಲಿಗೆ ಗಂಟು ಹಾಕಬೇಕೆಂಬುದು ನಮ್ಮಲ್ಲಿ ರೂಢಿ. ಮನೆಗೊಂದು ಬಗೆಯ ಗಂಟು. ಬಂದವರು ಯಾರೆಂದು ಅದರಿಂದ ತಿಳಿಯುತ್ತದೆ. ಮಾಳಮ್ಮ ಬಂಡಿಗೂ ಕಟ್ಟಿದಳು. ಮುದ್ರೆ ಒಡೆದದ್ದಕ್ಕೆ ಅವಳನ್ನು ಹಿಡಿದ ಪೊಲೀಸರು ಅದನ್ನು ನೋಡಿ ಎರಡನೆಯ ಅಪರಾಧ ಬರೆದುಕೊಂಡರು: ಸುಳ್ಳು ಮುದ್ರೆ ಹಾಕಿದ್ದು.

ಕೋರ್ಟಿನಲ್ಲಿ ಕಂಪನಿಯ ವಕೀಲ ಅದನ್ನೇ ಹಿಡಿದು ಜಗ್ಗಿದ. ನಾನು ಎದ್ದು ನಿಂತೆ. “ಸ್ವಾಮಿ, ಕಳ್ಳಿಯಾದೋಳು ತನ್ನ ಹೆಸರು ಬಾಗಿಲಿಗೆ ಕಟ್ಟಿ ಹೋಗ್ತಾಳಾ? ನೀವಾದ್ರೆ ಕಟ್ತೀರಾ?” ಎಂದೆ. ಕೂರಿಸಿದರು. ಆದರೆ ಜಡ್ಜಮ್ಮ ನಕ್ಕದ್ದನ್ನು ನಾನು ನೋಡಿದೆ. ಹಟ್ಟಿಯ ಇಬ್ಬರನ್ನು ಬೇರೆಬೇರೆಯಾಗಿ ಕರೆಸಿ, ಆ ಗಂಟು ಯಾರದೆಂದು ಕೇಳಿದರು. ಇಬ್ಬರೂ, “ಈರಬಡಕ್ಕನ ಮನೇದು” ಎಂದರು. ಎರಡನೆಯ ಅಪರಾಧ ಅಲ್ಲಿಗೆ ಬಿತ್ತು.

ಮೊದಲನೆಯದು ಉಳಿಯಿತು. ಮುದ್ರೆ ಒಡೆದದ್ದು ನಿಜವೇ. ಜಡ್ಜಮ್ಮ ನಿಮ್ಮ ಕಾಲದ ಕಾಯ್ದೆ ಪುಸ್ತಕ ತರಿಸಿದರು. ಕಳ್ಳತನವೆಂದರೆ ಕದಿಯುವ ಉದ್ದೇಶ ಇರಬೇಕು ಎಂದು ಅದರಲ್ಲಿತ್ತಂತೆ. “ಹೊಸ ಕಾಯ್ದೆ ಈ ಮಾತನ್ನು ಬರೆಯದೆ ಬಿಟ್ಟಿದೆ, ಅಳಿಸಿಲ್ಲ” ಎಂದು ಓದಿ ಹೇಳಿ, ಮಾಳಮ್ಮನನ್ನು ಬಿಟ್ಟರು. ನನಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು. ಅರ್ಥವಾದಾಗ ನೆಲದ ಮೇಲೇ ಕೂರಲು ಹೋದೆ. ಕಂಪನಿಯ ವಕೀಲನೇ ಕುರ್ಚಿ ಎಳೆದುಕೊಟ್ಟ.

ಮನೆಗೆ ಬಂದವಳು ಮೊದಲು ಕೇಳಿದ್ದು, “ಕುರಿ ಎಷ್ಟು ಉಳಿದವಜ್ಜಿ?”

“ಎಲ್ಲಾ ಉಳಿದವು. ನೀನೇ ಬಡಕಲಾಗಿರೋದು, ಉಣ್ಣು.”

ಈಗ ಗೊರಕೆ ಹೊಡೆಯುತ್ತಿದ್ದಾಳೆ. ಅಂಥ ಇಂಪಾದ ಸದ್ದು ನಾನು ಕೇಳಿಲ್ಲ.

ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಸರಕು ಕದಿಯುವವರನ್ನು ಹಿಡಿಯಿರಿ, ಒಳಗೆ ಹಾಕಿ. ಆದರೆ ಕಾಯ್ದೆ ತಿದ್ದಲು ಕುಳಿತಾಗ, ಉದ್ದೇಶ ಎಂಬ ಮಾತನ್ನು ಜಾಗ ಉಳಿಸಲೆಂದು ಹೊಡೆದುಹಾಕಬೇಡಿ. ನಿಮಗದು ಒಂದು ಪದ. ನನಗೆ ಮೊಮ್ಮಗಳು.

ಈ ಕಾಗದಕ್ಕೆ ಅಂಟು ಹಚ್ಚಿಲ್ಲ, ಮುದ್ರೆ ಹಾಕಿಲ್ಲ. ನನ್ನದಲ್ಲದ ಕಾಲದ ಬಾಗಿಲು ತೆಗೆದು ಒಳಗೆ ಬಂದಿದ್ದೇನೆ, ನೀವು ಯಾರೂ ಕರೆಯದೆ. ಅದಕ್ಕೇ ತುದಿಗೆ ಒಂದು ಕರಿ ಎಳೆ ಕಟ್ಟಿದ್ದೇನೆ.