ಒಣಮನೆಯಲ್ಲಿ ಮಲಗಿದ ಹನಿ

ಬೋಳುಬಂಡೆ, ಹನ್ನೊಂದನೆಯ ಕರಿಹಾಸು, ಆರಿದ್ರಾ ಮಳೆಯ ಎರಡನೆಯ ಪಾದ. ನಿಮ್ಮ ಎಣಿಕೆಯಲ್ಲಿ 2318ರ ಜೂನ್ ತಿಂಗಳ ಕೊನೆ.

ಮೇದಿನಿಯ ರೇನ್‌ಕೋಟಿಗೆ ಸಿಂಪಡಿಸಿದವರಿಗೆ,

ನಿಮ್ಮನ್ನು ಅಮ್ಮ ಎಂದು ಕರೆಯಬೇಕೋ ಅಪ್ಪ ಎಂದು ಕರೆಯಬೇಕೋ ನನಗೆ ತಿಳಿಯದು. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಾಣಬಹುದು, ಅದನ್ನು ಕ್ಷಮಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನೆಲದಲ್ಲಿ ಸಿಕ್ಕ ಸಿಂಪಡಿಸುವ ಡಬ್ಬಿಗಳ ಮೇಲೆ ಅಚ್ಚಾದ ಸೂಚನೆಗಳಿಂದ. ಚೆನ್ನಾಗಿ ಅಲುಗಾಡಿಸಿ, ಒಂದು ಗೇಣು ದೂರದಿಂದ ಸಿಂಪಡಿಸಿ, ನೆರಳಿನಲ್ಲಿ ಒಣಗಿಸಿ. ಆದ್ದರಿಂದ ಎಲ್ಲಿಯಾದರೂ ನಾನು ಆಜ್ಞೆ ಮಾಡುತ್ತಿರುವಂತೆ ಕೇಳಿಸಿದರೆ, ಅದು ನನಗೆ ಓದು ಕಲಿಸಿದ ಡಬ್ಬಿಗಳ ದೋಷ.

ನನ್ನ ಹೆಸರು ಪಾಲಮ್ಮ. ನಾನು ಒಣಮನೆಯನ್ನು ನೋಡಿಕೊಳ್ಳುವವಳು. ನಮ್ಮ ಜನ ಬೋಳುಬಂಡೆಯ ಮೇಲೆ ವಾಸಿಸುತ್ತಾರೆ. ಅದು ಒಂದೇ ಕಲ್ಲಿನ ಬೆಟ್ಟ. ಅದರ ಮೇಲೆ ಬಿದ್ದ ಮಳೆಯನ್ನು ಕಾಲುವೆ ಕಡಿದು ಒಂದು ಕಡೆಗೆ ತಿರುಗಿಸಿ, ಇದ್ದಿಲಿನ ದಪ್ಪ ಹಾಸಿನ ಮೂಲಕ ಇಳಿಸಿ ಕುಡಿಯುತ್ತೇವೆ. ಆ ಹಾಸಿಗೆ ಕರಿಹಾಸು ಎಂದು ಹೆಸರು. ಒಂದು ಹಾಸು ಮುಗಿಯುವಷ್ಟರಲ್ಲಿ ಒಂದು ತಲೆಮಾರು ಕಳೆಯುತ್ತದೆ. ವರ್ಷಗಳನ್ನು ಲೆಕ್ಕ ಇಡುವುದೂ ಅದರಿಂದಲೇ. ಬೆಟ್ಟದ ಕೆಳಗೆ ದೊಡ್ಡ ಕೆರೆ ಇದೆ, ನೀರೂ ಇದೆ. ಅದನ್ನು ಯಾರೂ ಮುಟ್ಟುವುದಿಲ್ಲ. ನಿಮ್ಮ ಕಾಲದ ಊರಿನ ಕಸವೆಲ್ಲ ಅದಕ್ಕೆ ನೀರು ಹರಿದು ಬರುವ ಕಡೆಯಲ್ಲಿದೆ. ಆ ನೀರು ಕುಡಿದ ಮನೆಗಳಲ್ಲಿ ಮಕ್ಕಳು ಉಳಿಯಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅದಕ್ಕೆ ಜಾರು ಒಂದೇ ಕಾರಣವೆಂದು ನಾನು ಖಚಿತವಾಗಿ ಹೇಳಲಾರೆ.

ಜಾರು ಎಂದರೆ ನೀವು ಸಿಂಪಡಿಸಿದ್ದು. ನೀರನ್ನು ಹತ್ತಿರ ಬರಗೊಡದ ಆ ಕಾಣದ ಲೇಪಕ್ಕೆ ನಾವು ಇಟ್ಟ ಹೆಸರು. ನಮ್ಮಲ್ಲಿ ನೆಲದಿಂದ ಸಿಕ್ಕ ಯಾವ ಹಳೆಯ ವಸ್ತುವನ್ನಾದರೂ ಮೇಲೆ ಒಯ್ಯುವ ಮೊದಲು ಹನಿ ನೋಡುತ್ತೇವೆ. ಬೆರಳ ತುದಿಯಿಂದ ಒಂದು ಹನಿ ಬಿಟ್ಟರೆ, ಅದು ಹರಡಿ ಮಲಗಬೇಕು. ಮಲಗಿದರೆ ವಸ್ತು ಮೇಲೆ ಹೋಗಬಹುದು. ಹನಿ ಗುಂಡಗೆ ನಿಂತು ಉರುಳಿತೋ, ಜಾರು ನೀರಿಗೆ ಸೇರದಂತೆ ವಸ್ತು ಒಣಮನೆಗೆ ಬರುತ್ತದೆ. ನಮ್ಮ ಹೆಣ್ಣುಮಕ್ಕಳು ಗಂಡು ನೋಡಲು ಹೋದಾಗಲೂ ಮೊದಲು ಆ ಮನೆಯ ಕೊಡದ ಮೇಲೆ ಹನಿ ನೋಡುತ್ತಾರೆ. ಇದರಲ್ಲಿ ಅವಮಾನವೇನೂ ಇಲ್ಲ.

ಒಣಮನೆ ಬೆಟ್ಟದ ಬುಡದಲ್ಲಿದೆ, ಗಾಳಿಗೆ ಮಳೆ ಎರಚಲು ಹೊಡೆಯದ ಮಗ್ಗುಲಲ್ಲಿ. ಮೇದಿನಿಯ ಕೋಟು ಬಾಗಿಲಿನ ಪಕ್ಕದ ಗೂಟದಲ್ಲಿ ತೂಗುತ್ತದೆ. ಅದರ ಸುತ್ತ ಸೋಫಾದ ಹೊದಿಕೆಗಳು, ಬೆಟ್ಟ ಹತ್ತುವವರ ಬೂಟುಗಳು, ಮೇಜಿನ ಬಟ್ಟೆಗಳು, ಶಾಲೆಯ ಚೀಲಗಳು, ಮಡಚಿದ ಒಂದು ಗುಡಾರ. ಗುಡಾರವನ್ನು ಬಿಚ್ಚಿದಾಗ ಒಳಗೆ ಇಸ್ಪೀಟಿನ ಒಂದು ಎಲೆ ಸಿಕ್ಕಿತು. ಮಳೆ ಬರುವ ಕಡೆ ಹೋಗಿ, ಮಳೆ ಒಳಗೆ ಬಾರದಂತೆ ಕುಳಿತು, ಇಸ್ಪೀಟು ಆಡಿದ ಜನರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅವರು ಸಂತೋಷವಾಗಿದ್ದರು ಎಂದೇ ನನ್ನ ಊಹೆ.

ಈ ಕೆಲಸ ಹಿಡಿದವರು ಬೆಟ್ಟ ಹತ್ತುವಂತಿಲ್ಲ. ಅವರ ಬಟ್ಟೆ, ಪಾತ್ರೆ, ಉಗುರು ಕೂಡ ಮೇಲಿನ ಕಾಲುವೆಗಳಿಗೆ ತಾಕಬಾರದು. ದಿನಸಿಯ ಬುಟ್ಟಿ ಹಗ್ಗದಲ್ಲಿ ಇಳಿಯುತ್ತದೆ. ಖಾಲಿ ಬುಟ್ಟಿಯನ್ನು ನಾನು ಸುಡುತ್ತೇನೆ. ಅರ್ಧ ದಾರಿಯಲ್ಲಿ ಒಂದು ಚಪ್ಪಟೆ ಕಲ್ಲಿದೆ, ಕೂಗುಬಂಡೆ ಎನ್ನುತ್ತಾರೆ. ಸಂಜೆ ನನ್ನ ಅಕ್ಕ ಚಿತ್ತಕ್ಕ ಅಲ್ಲಿಗೆ ಇಳಿದು ಬಂದು ನಿಲ್ಲುತ್ತಾಳೆ, ನಾನು ಕೆಳಗಿನ ಹುಣಸೆ ಮರದ ಹತ್ತಿರ ನಿಲ್ಲುತ್ತೇನೆ. ನಮ್ಮ ಮಾತು ಇಡೀ ಬೆಟ್ಟಕ್ಕೆ ಕೇಳಿಸುವುದರಿಂದ ಗುಟ್ಟಿನದೇನನ್ನೂ ಆಡುವುದಿಲ್ಲ.

"ಏನೇ ಪಾಲೀ, ಬದುಕಿದೀಯೇನೇ?"

"ಇನ್ನೂ ಸತ್ತಿಲ್ಲ ಕಣಕ್ಕಾ."

"ಉಣ್ಣಕ್ಕೆ ಏನ್ ಮಾಡ್ದೆ?"

"ಮುದ್ದೆ, ಹುರುಳಿ ಸಾರು."

"ನಿನ್ನೇನೂ ಅದೇ ಅಂದಿದ್ದಲ್ಲೇ."

"ನಿನ್ನೇದೇ ಸಾರು."

ಅವಳು ನಗುವುದು ನನಗೆ ಕೇಳಿಸುವುದಿಲ್ಲ. ಸೆರಗು ಬಾಯಿಗೆ ಹೋಗುವುದು ಕಾಣುತ್ತದೆ. ಈಚೆಗೆ ಅವಳು ಇಳಿಯುವಾಗ ಒಂದೊಂದು ಮೆಟ್ಟಿಲಿನ ಮೇಲೂ ಎರಡೂ ಕಾಲು ಇಟ್ಟು ಇಳಿಯುತ್ತಾಳೆ. ಇನ್ನೆಷ್ಟು ಮಳೆಗಾಲ ಇಳಿದಾಳು ಎಂದು ನಾನು ಕೇಳುವುದಿಲ್ಲ. ಹೇಳಿದೆನಲ್ಲ, ಎಲ್ಲರಿಗೂ ಕೇಳಿಸುತ್ತದೆ.

ಒಣಮನೆ ಕಟ್ಟಿದವರು ಒಂದು ನಿಯಮ ಮಾಡಿದ್ದರು. ಒಳಗಿನ ಯಾವುದಾದರೂ ಒಂದು ವಸ್ತುವಿನ ಮೇಲೆ, ಮೊದಲು ಹನಿ ನಿಲ್ಲುತ್ತಿದ್ದ ಜಾಗದಲ್ಲೇ, ಅದು ಮಲಗಿದ ದಿನ ಜಾರಿನ ಆಯಸ್ಸು ಮುಗಿಯಿತೆಂದು ತಿಳಿಯಬೇಕು. ಅಂದು ಮನೆಯನ್ನು ಮುಚ್ಚಬೇಕು, ನೋಡಿಕೊಳ್ಳುವವರು ಬೆಟ್ಟ ಹತ್ತಬೇಕು. ಅದು ಅವರ ಕಾಲದಲ್ಲೇ ಆಗುತ್ತದೆಂದು ಅವರು ನಂಬಿದ್ದರು. ದಿನವೂ ಬೆಳಿಗ್ಗೆ ಪ್ರತಿ ವಸ್ತುವಿನ ಮೇಲೂ ಒಂದು ಹನಿ ಬಿಟ್ಟು, ಅದು ಉರುಳಿದ್ದನ್ನು ಬಟ್ಟಲಲ್ಲಿ ಹಿಡಿದುಕೊಳ್ಳುವುದೇ ನನ್ನ ಕೆಲಸ. ಅದು ಬಿಟ್ಟರೆ ಒಣ ಪೊರಕೆಯಲ್ಲಿ ಗುಡಿಸುವುದು. ಒಣಮನೆಯ ನೆಲಕ್ಕೆ ನೀರು ಹಾಕುವಂತಿಲ್ಲ.

ನಿಮ್ಮನ್ನು ನಾನು ಭೇಟಿಯಾದದ್ದು ಈ ಕೆಲಸಕ್ಕೆ ಬಂದ ಹೊಸದರಲ್ಲಿ. ಕೋಟಿನ ಕತ್ತುಪಟ್ಟಿಯ ಒಳಗೆ ಅಳಿಸದ ಶಾಯಿಯಲ್ಲಿ "ಮೇದಿನಿ, ನಾಲ್ಕನೇ ತರಗತಿ" ಎಂದು ಬರೆದಿದ್ದೀರಿ. ಅದರ ಎಡ ಹೆಗಲಿನ ಮೇಲೆ ಹನಿ ಬಿಟ್ಟೆ. ಅದು ಸದ್ದಿಲ್ಲದೆ ಹರಡಿ ಮಲಗಿತು. ನಾನು ಬಟ್ಟಲನ್ನು ಅಲ್ಲೇ ಬಿಟ್ಟು ಹುಣಸೆ ಮರದ ಹತ್ತಿರ ಓಡಿ, "ಅಕ್ಕಾ, ಮಲಗ್ತು ಕಣೇ, ಮಲಗ್ತು!" ಎಂದು ಕಿರುಚಿದೆ. ನನಗೆ ಕೆಲಸ ಕಲಿಸುತ್ತಿದ್ದ ಬೈಲಜ್ಜ ಬಾಗಿಲಿಗೆ ಬಂದು ನಿಂತಿದ್ದ. "ಅದು ಯಾರೋ ಹಿಡ್ಕಂಡಿದ್ ಜಾಗ ಕಣಮ್ಮ. ಅಲ್ಲಿ ಯಾವತ್ತೂ ಮಲಗುತ್ತೆ. ನಾನೂ ಹಿಂಗೇ ಓಡಿದ್ದೆ," ಎಂದ. ಹೋಗಿ ನೋಡಿದೆ. ಒದ್ದೆಯಾದ ಜಾಗ ಒಂದು ಹೆಬ್ಬೆರಳಿನಷ್ಟಿತ್ತು. ಸಿಂಪಡಿಸುವಾಗ ನೀವು ಕೋಟನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದಿರಿ. ನಿಮ್ಮ ಬೆರಳ ಕೆಳಗೆ ಮಾತ್ರ ಜಾರು ತಾಗಿರಲಿಲ್ಲ.

ಬೈಲಜ್ಜ ತೀರಿಕೊಂಡ ಮೇಲೆ ಕೆಲವು ಸಲ ಆ ಜಾಗದ ಮೇಲೆ ನನ್ನ ಹೆಬ್ಬೆರಳನ್ನು ಇಟ್ಟು ನೋಡಿದ್ದೇನೆ. ಹೆಚ್ಚುಕಡಿಮೆ ಅದೇ ಅಳತೆ. ಬೇರೆ ಮನುಷ್ಯರ ಬೆರಳು ನನಗೆ ಅಷ್ಟು ಹತ್ತಿರವಿದ್ದದ್ದು ಅಲ್ಲಿ ಮಾತ್ರ. ಹೊಲಿಗೆಗಳ ಮೇಲೆ ನೀವು ಎರಡೆರಡು ಸಲ ಸಿಂಪಡಿಸಿದ್ದೀರಿ. ಟೋಪಿಯ ಅಂಚನ್ನು ಮಡಚಿ ಒಳಗೂ ಸಿಂಪಡಿಸಿದ್ದೀರಿ. ಹನಿ ಅಲ್ಲಿ ಉಳಿದೆಲ್ಲ ಕಡೆಗಿಂತ ಗುಂಡಗೆ ನಿಲ್ಲುತ್ತದೆ. ಮಗುವಿನ ಕಿವಿಗೆ ನೀರು ಹೋಗಬಾರದೆಂದು ಹಾಗೆ ಮಾಡಿದ್ದೀರಿ ಎಂದು ನನಗೆ ಅರ್ಥವಾಗುತ್ತದೆ.

ಈಗ ನಿನ್ನೆ ಆದದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಕೋಟಿನ ಬಲತೋಳಿನ ಮೇಲೆ ಬಿಟ್ಟ ಹನಿ ಮಲಗಿತು. ಇನ್ನೊಂದು ಬಿಟ್ಟೆ, ಅದೂ ಮಲಗಿತು. ಬಟ್ಟೆಯ ನೀಲಿ ಬಣ್ಣ ಅಲ್ಲಿ ಕಡುವಾಯಿತು. ಯಾರೂ ಹಿಡಿದ ಜಾಗವಲ್ಲ ಅದು. ದಿನವೂ ಅಲ್ಲಿ ಹನಿ ನಿಲ್ಲುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಈ ಸಲ ನಾನು ಓಡಲಿಲ್ಲ, ನಡೆದುಕೊಂಡೇ ಹೋಗಿ ಹೇಳಿದೆ.

ಮೇಲೆ ತಮಟೆ ಬಾರಿಸಿದರು. ಚಿತ್ತಕ್ಕ ಕೂಗುಬಂಡೆಗೆ ಬಂದಾಗ ಏದುಸಿರು ಬಿಡುತ್ತಿದ್ದಳು. "ನಾಳೀಕೆ ಬಂದ್ಬಿಡು. ನಿನ್ ಚಾಪೆ ಅಟ್ಟದ್ ಮೇಲೇ ಐತೆ. ಬಿಸಿಲಿಗೆ ಹಾಕ್ತೀನಿ," ಎಂದಳು. "ಗೊರಕೆ ಹೊಡ್ದೀಯಾ ಅಂದ್ರೆ ಮಾತ್ರ ಆಚೆ ಮಲಗಿಸ್ತೀನಿ ನೋಡು," ಎಂದೂ ಹೇಳಿದಳು. ಅಷ್ಟು ವರ್ಷ ನನ್ನ ಚಾಪೆಯನ್ನು ಅವಳು ಇಟ್ಟುಕೊಂಡಿದ್ದಳೆಂದು ನನಗೆ ಗೊತ್ತಿರಲಿಲ್ಲ.

ಇಂದು ಬೆಳಿಗ್ಗೆ ಹೊರಡುವ ಮೊದಲು ಮನೆಯನ್ನು ಕೊನೆಯ ಸಲ ಗುಡಿಸೋಣ ಎಂದುಕೊಂಡೆ. ಬಿಟ್ಟು ಹೋಗುವ ಮನೆಯನ್ನು ಮೇಲೆ ನಮ್ಮ ಮನೆಯಲ್ಲಿ ಗುಡಿಸುತ್ತಿದ್ದ ಹಾಗೆ ನೀರು ಚಿಮುಕಿಸಿ ಗುಡಿಸಬೇಕು ಎನ್ನಿಸಿತು. ನಿಯಮ ಮುಗಿದಿತ್ತಲ್ಲ. ಚೊಂಬಿನಿಂದ ನೀರು ತೆಗೆದು ನೆಲದ ಮೇಲೆ ಎರಚಿದೆ. ಬಾಗಿಲಿನ ಹತ್ತಿರ, ಕೋಟು ತೂಗುವ ಗೂಟದ ಕೆಳಗೆ, ನೀರು ನೆಲಕ್ಕೆ ಅಂಟಲಿಲ್ಲ. ಮಣಿಗಳಾಗಿ ಒಡೆದು, ಕಲ್ಲಿನ ಮೇಲೆ ಉರುಳಿ, ಹೊಸ್ತಿಲಿನ ಕಡೆಗೆ ಓಡಿತು.

ಆಮೇಲೆ ಪೊರಕೆಯ ಮೇಲೆ ಹನಿ ಬಿಟ್ಟೆ. ನಿಂತಿತು. ಸೀರೆಯ ಅಂಚಿನ ಮೇಲೆ ಬಿಟ್ಟೆ. ನಿಂತಿತು. ಈ ಸೀರೆ ಮೇಲಿನಿಂದ ಬಂದದ್ದು, ಬರುವಾಗ ಅದರ ಮೇಲೆ ಹನಿ ಮಲಗುತ್ತಿತ್ತು.

ನಿಮ್ಮ ಡಬ್ಬಿಯ ಮೇಲೆ ಕೊನೆಯ ಸಾಲು ಹೀಗಿದೆ: ಕೆಲವು ಬಾರಿ ಒಗೆದ ನಂತರ ಪರಿಣಾಮ ಕಡಿಮೆಯಾದರೆ ಮತ್ತೆ ಸಿಂಪಡಿಸಿ. ಅದನ್ನು ಓದಿಯೇ ನಾನು ಅಕ್ಷರ ಕಲಿತೆ. ಆ ಮಾತಿನ ಅರ್ಥ ಆಗಿದ್ದು ಇಂದು. ಕೋಟಿನ ಮೇಲೆ ಹನಿ ಮಲಗಿದರೆ ಜಾರು ಮುಗಿಯಿತೆಂದಲ್ಲ, ಅದು ಕೋಟನ್ನು ಬಿಟ್ಟು ಹೊರಟಿತೆಂದು. ನೀವು ಒಗೆದಾಗ ಅದು ಬಚ್ಚಲಿಗೆ ಹೋಯಿತು, ಬಚ್ಚಲಿನಿಂದ ಕೆರೆಗೆ ಹೋಯಿತು. ನೀವು ಮತ್ತೆ ಸಿಂಪಡಿಸಿದಿರಿ. ಮೊದಲಿನದು ಎಲ್ಲಿಗೆ ಹೋಯಿತೆಂದು ಡಬ್ಬಿಯೂ ಹೇಳಲಿಲ್ಲ, ನೀವೂ ಕೇಳಲಿಲ್ಲ. ನಮ್ಮ ಹಿರಿಯರೂ ಅದನ್ನೇ ಮಾಡಿದರು. ವಸ್ತುವನ್ನು ನೋಡಿ ನಿಯಮ ಬರೆದರು. ಅದು ತೂಗುವ ಕೋಣೆಯನ್ನು ನೋಡಲಿಲ್ಲ, ಗುಡಿಸುವವಳನ್ನು ನೋಡಲಿಲ್ಲ. ಇಲ್ಲಿ ಒಗೆಯುವವರಿಲ್ಲದ ಕಾರಣ ಅದು ಧೂಳಾಗಿ ಉದುರಿತು, ನಾನು ದಿನವೂ ಅದನ್ನು ಗುಡಿಸಿದೆ.

ಹೇಳದೆ ಇರಬಹುದಿತ್ತು. ಸೀರೆಯನ್ನು ಸುಟ್ಟು ಮೇಲಿನಿಂದ ಬುಟ್ಟಿಯಲ್ಲಿ ಬಂದ ಹೊಸದನ್ನು ಉಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಜಾರು ನನ್ನ ಕೂದಲಲ್ಲಿದೆಯೋ ಉಗುರಲ್ಲಿದೆಯೋ ಉಸಿರಿನ ಜೊತೆ ಒಳಗೆ ಹೋಗಿದೆಯೋ ನಾನು ಬಲ್ಲೆನೆ? ಮೆಟ್ಟಿಲು ಹತ್ತಿ ನಾನು ಹೆಜ್ಜೆ ಇಡುವ ಬಂಡೆಯ ಮೇಲೆಯೇ ಸಂಜೆ ಮಳೆ ಬೀಳುತ್ತದೆ. ಆ ಮಳೆಯನ್ನೇ ಕರಿಹಾಸು ಕುಡಿಯುತ್ತದೆ, ಆಮೇಲೆ ಚಿತ್ತಕ್ಕ ಕುಡಿಯುತ್ತಾಳೆ.

ಹುಣಸೆ ಮರದ ಹತ್ತಿರ ಹೋಗಿ ಎಲ್ಲವನ್ನೂ ಕೂಗಿ ಹೇಳಿದೆ. ಮನೆ ಮುಚ್ಚುವಂತಿಲ್ಲ, ನಿಯಮ ತಪ್ಪು, ಹೊಸದನ್ನು ಯೋಚಿಸಿ ಎಂದೆ. ನಾನು ಬರುವುದಿಲ್ಲ ಎಂದೆ. ಮೇಲಿನಿಂದ ಚಿತ್ತಕ್ಕನ ದನಿ ಬಂತು.

"ಹಂಗಾದ್ರೆ ಚಾಪೆ ಒಳಿಕ್ಕೆ ತಗಂಡೋಗ್ಲಾ?"

"ಮೋಡ ಐತಲ್ಲಕ್ಕಾ," ಎಂದೆ. "ನೆನೆದೋಗುತ್ತೆ. ತಗಂಡೋಗು."

ಈ ಪತ್ರವನ್ನು ಮೇದಿನಿಯ ಕೋಟಿನ ಒಳಜೇಬಿನಲ್ಲಿ ಇಡುತ್ತೇನೆ. ಹಿಂದಿನ ಕಾಲಕ್ಕೆ ಪತ್ರ ಕಳಿಸುವ ದಾರಿ ನಮಗೂ ತಿಳಿಯದು. ನಿಮ್ಮ ಕೈ ಮುಟ್ಟಿದ ವಸ್ತುಗಳಲ್ಲಿ ನನಗೆ ಸಿಕ್ಕಿರುವುದು ಇದೊಂದೇ, ಹಾಗಾಗಿ ಇದರಲ್ಲೇ ಇಡಬೇಕು. ನಿಮ್ಮ ಮೇಲೆ ನನಗೆ ಕೋಪವಿಲ್ಲ. ಟೋಪಿಯ ಅಂಚನ್ನು ಮಡಚಿ ಸಿಂಪಡಿಸಿದವರ ಮೇಲೆ ಕೋಪ ಮಾಡಿಕೊಳ್ಳಲು ನಾನು ಪ್ರಯತ್ನಿಸಿದ್ದೇನೆ, ಆಗಲಿಲ್ಲ.

ಒಂದು ಕೋರಿಕೆ ಮಾತ್ರ ಇದೆ. ಡಬ್ಬಿಗಳ ಭಾಷೆಯಲ್ಲೇ ಬರೆಯುತ್ತೇನೆ, ನನಗೆ ಬರುವುದು ಅದೇ.

ಅಲುಗಾಡಿಸಬೇಡಿ. ಸಿಂಪಡಿಸಬೇಡಿ. ಡಬ್ಬಿಯನ್ನು ಇದ್ದಲ್ಲೇ ಇಡಿ. ಮೇದಿನಿ ಶಾಲೆಯಿಂದ ನೆನೆದುಕೊಂಡು ಬರಲಿ. ಬಂದ ಮೇಲೆ ಅವಳನ್ನು ಹತ್ತಿರ ಕೂರಿಸಿಕೊಂಡು, ಆ ಎಡಗೈಯಲ್ಲೇ ಹಿಡಿದು, ತಲೆ ಒರೆಸಿ.

ಪಾಲಮ್ಮ
ಒಣಮನೆ